ಹುಷಾರ್‌ಗೆ ಗೌರವಪೂರ್ವಕ ನಿವೃತ್ತಿ

ಹಳೆಯ ಕಂಪ್ಯೂಟರುಗಳಿಗೆಂದು ನಾವು ನಾಲ್ಕಾರು ಊರಿನವರು ಸೇರಿ ಕಟ್ಟಿ, ಪುಕ್ಕಟೆ ಹಂಚುವ ಆಪರೇಟಿಂಗ್ ಸಿಸ್ಟಮ್ಮಿನ ಹೆಸರು ‘ಬಿಳಿಜೋಳ’. ಅದರೊಳಗಿನ ‘ಹುಷಾರ್’ ಎಂಬ ಸಣ್ಣ ಪ್ರೋಗ್ರಾಮನ್ನು ನೋಡಿಕೊಳ್ಳುವವಳು ನಾನು, ಕೊಡ್ಲಿಯ ನಾಗರತ್ನಾ. ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿ ಇಳಿಯತೊಡಗಿದರೆ ಹುಷಾರ್ ಕೆಲಸವನ್ನೆಲ್ಲ ಉಳಿಸಿ ಕಂಪ್ಯೂಟರನ್ನು ಮೆತ್ತಗೆ ಬಂದ್ ಮಾಡುತ್ತದೆ. ಅದು ಮಾಡಿದ ಪಾಪ ಇಷ್ಟೇ.

ಈ ವರ್ಷ ನಮ್ಮ ಮುಖಂಡರಾದ ಮಹೇಶಕುಮಾರರಿಗೆ ಸ್ವಚ್ಛತೆಯ ಹುರುಪು ಹತ್ತಿತು. ನೋಡಿಕೊಳ್ಳಲು ಕಷ್ಟವಾದ ಹಳೆಯ ಪ್ರೋಗ್ರಾಮುಗಳನ್ನೆಲ್ಲ ತೆಗೆದುಹಾಕುವುದೆಂದು ವಾಡಿಯಲ್ಲಿ ಸಭೆ ಕರೆದರು. ಅವರಿರುವುದು ಸಿಮೆಂಟ್ ಕಾಲೊನಿಯಲ್ಲಿ. ಅಲ್ಲಿ ಫ್ಯಾಕ್ಟರಿಯದೇ ಕರೆಂಟು. ಲೈಟು ಹೋಗುವ ಸಂಗತಿಯನ್ನು ಅಲ್ಲಿಯವರು ಸೊಸೆಯಂದಿರ ತವರಿನ ಸುದ್ದಿಯಲ್ಲಿ ಮಾತ್ರ ಕೇಳಿರುತ್ತಾರೆ.

“ಹುಷಾರ್ ಭಾಳ ಜುನಾ ಆಗ್ಯಾದ ಅಕ್ಕೋರ. ಮೂಗಿಗಿಂತ ಮೂಗುತಿ ಭಾರ. ಈಗ ಕರೆಂಟರೆ ಎಲ್ಲಿ ಹೋಗ್ತದ?” ಎಂದರು.

“ಚಿಂಚೋಳಿಗಿ ಬರ್ರಿ, ತೋರಸ್ತೀನಿ,” ಎಂದೆ.

ಚಿಂಚೋಳಿಯಲ್ಲಿ ಶಹರಬಾನು ಹೆಂಗಸರಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಯಾರೋ ಬಿಟ್ಟುಕೊಟ್ಟ, ಬಿಳಿಜೋಳ ಹಾಕಿದ ಆರು ಯಂತ್ರಗಳಿಗೆ ಒಂದೇ ಬ್ಯಾಟರಿ. ಆರನೆಯದರ ಮುಂದೆ ಹೊಸದಾಗಿ ಸೇರಿದ ಮಹೆವಿಶ. ಹೊಲಿಗೆ ಯಂತ್ರ ತುಳಿದು ತುಳಿದು ಅವಳ ಮೊಣಕಾಲು ಸೋತಿತ್ತು. ಟೈಪಿಂಗ್ ಕಲಿತರೆ ಸೇಡಂನ ಅಂಗಡಿಯೊಂದರಲ್ಲಿ ಕುಂತು ಮಾಡುವ ನೌಕರಿ ಸಿಗುವುದಿತ್ತು.

ಮುಖಂಡರು ಬಂದರು, ಶಹರಬಾನುವಿನ ಕೈಯಡುಗೆ ಉಂಡರು. ಕರೆಂಟೂ ನಮ್ಮ ಮಾನ ಕಾಯಲು ಸರಿಯಾಗಿ ಹೋಯಿತು. ಹುಷಾರ್ ಆರೂ ಯಂತ್ರಗಳನ್ನು ಸದ್ದಿಲ್ಲದೆ ಬಂದ್ ಮಾಡಿತು. ಮಹೇಶಕುಮಾರರ ಲ್ಯಾಪ್‌ಟಾಪ್ ಮಾತ್ರ ತನ್ನದೇ ಬ್ಯಾಟರಿಯ ಮೇಲೆ ಆರಾಮಾಗಿ ನಡೆದಿತ್ತು. ಅವರು ತಲೆ ಎತ್ತಿ, “ಫ್ಯಾನ್ ಯಾಕ ನಿಂತದ?” ಎಂದು ಕೇಳಿದರು. ಕ್ಲಾಸ್ ಮುಗಿದದ್ದಕ್ಕೆ ಯಂತ್ರಗಳು ಬಂದಾದವೆಂದು ತಿಳಿದಿದ್ದರಂತೆ.

ಉಂಡ ಮನೆಯ ಜಂತಿ ಎಣಿಸಿದ ಹಾಗೆ, ವಾಡಿ ಮುಟ್ಟುವ ಮೊದಲೇ ಫೋನಿನಲ್ಲಿ ನಮ್ಮ ಬಿಳಿಜೋಳದ ಗ್ರೂಪಿಗೆ ತೀರ್ಮಾನ ಹಾಕಿದರು: ಹುಷಾರ್‌ಗೆ ಗೌರವಪೂರ್ವಕ ನಿವೃತ್ತಿ. ಜೊತೆಗೆ ಶಾಲು-ಹಾರದ ಚಿತ್ರ. ಹೊಸ ಅಪ್‌ಡೇಟ್ ಬಂದು ಹುಷಾರ್ ಎಲ್ಲ ಯಂತ್ರಗಳಿಂದ ಅಳಿಸಿಹೋಯಿತು. ನಾನು ಚಿಂಚೋಳಿಗೆ ಹೋಗಿ ಅದನ್ನು ಮತ್ತೆ ಹಾಕಿದೆ. ಮುಂದಿನ ಅಪ್‌ಡೇಟ್ ಅದನ್ನು ಕಸವೆಂದು ಗುಡಿಸಿತು.

ಆಮೇಲೆ ಕರೆಂಟ್ ಹೋಗಿ ಬ್ಯಾಟರಿ ಮುಗಿದಾಗ ಆರೂ ಯಂತ್ರಗಳು ಏಕಾಏಕಿ ಸತ್ತವು. ಐದು ಮತ್ತೆ ಎದ್ದವು. ಒಂದರ ಡಿಸ್ಕ್ ಕೆಟ್ಟಿತು.

“ಕಡೀಗಿ ಸೇರಿದಾಕಿ ಮಹೆವಿಶ. ಏನ್ ಮಾಡ್ಲಿ ಅಕ್ಕಾ?” ಎಂದಳು ಶಹರಬಾನು ಫೋನಿನಲ್ಲಿ. ಜಾಗ ಕಳೆದುಕೊಂಡ ಮಹೆವಿಶಳನ್ನು ಬ್ಯಾಟರಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ್ದಳು. ಬ್ಯಾಟರಿ ಕೀಂವ್ ಎಂದರೆ ಅವಳು ಕೂಗಬೇಕು, ಉಳಿದವರು ಕೆಲಸ ಉಳಿಸಿ ಬಂದ್ ಮಾಡಬೇಕು.

ಮಹೇಶಕುಮಾರರು ಗ್ರೂಪಿನಲ್ಲಿ ಬರೆದರು: ಹುಷಾರ್ ಹೋದ ಮೇಲೂ ಎಲ್ಲ ಸುರಳೀತ ನಡೆದಿದೆ, ಯಾರದೂ ದೂರಿಲ್ಲ. ನಾನು ಕೊಟ್ಟ ದೂರು ಲೆಕ್ಕಕ್ಕಿಲ್ಲವಂತೆ, ನಿವೃತ್ತರ ಕಡೆಯವಳಲ್ಲವೇ?

ಮೊನ್ನೆ ಚಿಂಚೋಳಿಗೆ ಹೋದಾಗ ಮಹೆವಿಶ ಸ್ಟೂಲಿನ ಮೇಲೆಯೇ ಇದ್ದಳು. ಕಿವಿ ಬ್ಯಾಟರಿಯ ಕಡೆ.

“ಸೇಡಂ ನೌಕರಿ ಏನಾಯ್ತು?”

“ಏನ್ ಕಲ್ತೀದಿ ಅಂತ ಕೇಳಿದ್ರು ಅಕ್ಕಾ. ಕಂಪ್ಯೂಟರ್ ಬಂದ್ ಮಾಡಸಲಿಕ್ಕ ಕಲ್ತೀನ್ರಿ ಅಂದೆ,” ಎಂದಳು. “ಅವರಿಗಿ ಚಾಲೂ ಮಾಡೋರು ಬೇಕಂತ.”