ಜಗಲಿಯ ಕುರ್ಚಿ

ನನ್ನ ಗಂಡ ತ್ಯಾಂಪಣ್ಣನವರ ಪ್ರಕಾರ ಮನುಷ್ಯಕುಲದ ಚರಿತ್ರೆ ಬಹಳ ಸುಲಭ: ಮೊದಲು ಆಳು, ಆಮೇಲೆ ಎತ್ತು, ಕೊನೆಗೆ ಮಿಷನ್. ಈ ಸಲ ಅಡಿಕೆ ಸುಲಿಯಲು ಮಿಷನ್ ಗೊತ್ತುಮಾಡಿದ ದಿನ, "ಇನ್ನು ಯಾರ ಕಾಲೂ ಹಿಡಿಯುದು ಬೇಡ ಪಂಕಜಾಕ್ಷಿ" ಎಂದು ಘೋಷಿಸಿದರು.

ಮಾವನವರ ಕಾಲದಲ್ಲಿ ಸುಲಿಯಲು ಬರುತ್ತಿದ್ದವಳು ಬಾಗಿ. ಅಂಗಳದ ತುದಿಯಲ್ಲಿ ನಿಂತು ಅವಳು ಕೆಲಸ ಕೇಳಿದರೆ, ಮಾವ ಜಗಲಿಯ ಕುರ್ಚಿಯಿಂದ ಏಳದೆ "ನಾಳೆ ಬಾ, ನೋಡುವ" ಎನ್ನುತ್ತಿದ್ದರು. ಅವಳಿಗೆ ಚಾ ತೆಂಗಿನ ಗೆರಟೆಯಲ್ಲಿ. ಆ ಗೆರಟೆ ದನದ ಹಟ್ಟಿಯ ಮಾಡಿನ ಸಂದಿಯಲ್ಲೇ ಇರಬೇಕು. ಒಳಗೆ ಬಂದರೆ ಮನೆ ಮುಳುಗುತ್ತಿತ್ತೇನೋ.

ಹತ್ತು ಸಲ ಫೋನ್ ಮಾಡಿಸಿಕೊಂಡ ಮೇಲೆ ಮಿಷನ್ ಬಂತು. ಪಿಕಪ್‌ನಲ್ಲಿ ತಂದವನು ಬಾಗಿಯ ಮೊಮ್ಮಗ ಕೌಶಲ್. ಅರ್ಧ ರಾಶಿ ಸುಲಿದು ಮಿಷನ್ ನಿಲ್ಲಿಸಿ, ನೇರ ಬಂದು ಮಾವನ ಕುರ್ಚಿಯಲ್ಲಿ ಕೂತ. ಸಿಡಿದೇಳಬೇಕಿದ್ದ ನನ್ನ ಗಂಡ, "ಚಾ ತಾ ಪಂಕಜಾ, ಆ ಹೂವಿನ ಕಪ್ಪಿನಲ್ಲಿ!" ಎಂದು ಕೂಗಿದರು.

"ಉಳಿದದ್ದು?" ಎಂದು ಕೇಳಿದರು, ಅಂಗಳದಲ್ಲಿ ನಿಂತೇ.

ಕೌಶಲ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಕಡಬದಲ್ಲಿ ಜನ ಕಾಯ್ತಾ ಇದ್ದಾರೆ ಮಾರಾಯ್ರೆ. ನಾಳೆ ಫೋನ್ ಮಾಡಿ, ನೋಡುವ."

ಪಿಕಪ್ ಹೋಯಿತು. ಗಂಡ ಸುಲಿಯದ ರಾಶಿ ನೋಡುತ್ತ, "ಮುಂದಿನ ವರ್ಷ ಸ್ವಂತ ಮಿಷನ್ ತೆಗೊಳ್ಳುದೇ" ಎಂದರು.

"ತೆಗೊಳ್ಳಿ," ಎಂದೆ. "ನಡೆಸಲಿಕ್ಕೆ ಕೌಶಲನನ್ನೇ ಕರೀಬೇಕಲ್ಲ. ಚಾ ನಾನು ಮಾಡ್ತೇನೆ, ಕಾಲು ನೀವು ಹಿಡೀರಿ."