ಒದ್ದೆ ಬಾವುಟ

ಪೆನ್ನಿನ ಹಿಂತುದಿಯನ್ನು ಯಾರೋ ಕಚ್ಚಿದ್ದಾರೆ, ಹಲ್ಲಿನ ಗುರುತು ಸಾಲಾಗಿದೆ, ಠಾಣೆಯ ಪೆನ್ನು, ಎಷ್ಟು ಜನ ಇದರಿಂದ ತಪ್ಪೊಪ್ಪಿಕೊಂಡರೋ — ಕಾಗದದಲ್ಲಿ ಅವಳ ಹೆಸರು, ಗಂಡನ ಹೆಸರಿನ ಮುಂದೆ ದಿವಂಗತ, ಕೆಳಗೆ ಒಂದೇ ಸಾಲು, ರಾಷ್ಟ್ರಧ್ವಜವನ್ನು ಅರಿಯದೆ ತಲೆಕೆಳಗಾಗಿ ನೇತುಹಾಕಿದ್ದೇನೆ, ಕ್ಷಮಿಸಬೇಕು. ಸಹಿ ಹಾಕಿಬಿಡಮ್ಮ, ಇನ್ಸ್‌ಪೆಕ್ಟರ್ ಮೆತ್ತಗೆ ಹೇಳುತ್ತಾನೆ, ನನ್ನ ತಂಗಿ ಇದ್ದ ಹಾಗೆ ನೀನು, ಇಲ್ಲಾಂದ್ರೆ ಮೂರು ವರ್ಷ ಒಳಗಿರ್ಬೇಕಾಗುತ್ತೆ. ಪಕ್ಕದಲ್ಲಿ ಅತ್ತೆ, ಹೋದವನು ಹೋದ, ನೀನೂ ಹೋದ್ರೆ ನಾನು ಯಾರ ಮುಖ ನೋಡ್ಲಿ. ಬಾಗಿಲಲ್ಲಿ ವಕೀಲೆ, ಅವಳು ನಿನ್ನೆಯೇ ಹೇಳಿದ್ದಾಳೆ, ಬೇಕಂತಲೇ ಮಾಡಿದೆ ಅನ್ನಿ, ಅದೂ ಒಂದು ಮಾತೇ, ನಿಮ್ಮ ಮಾತಾಡೋ ಹಕ್ಕಿಗೆ ನಾನು ಕೊನೇ ಕೋರ್ಟಿನ ತನಕ ಹೋಗ್ತೀನಿ. ಅರಿಯದೆ, ಬೇಕಂತಲೇ — ಬೇರೆ ಯಾರದೋ ಅಳತೆಯ ಎರಡು ಜೋಡಿ ಚಪ್ಪಲಿ, ಅವಳ ಕಾಲು ಎರಡರಲ್ಲೂ ಹಿಡಿಸುತ್ತಿಲ್ಲ.

ಎಂಟು ತಿಂಗಳು ಅದು ಕಪಾಟಿನಲ್ಲಿತ್ತು, ಶವಪೆಟ್ಟಿಗೆಯ ಮೇಲಿಂದ ತೆಗೆದು ಮಡಚಿ ಅವಳ ಕೈಗಿಟ್ಟ ಬಾವುಟ, ಒಂದು ಮೂಲೆಯಲ್ಲಿ ಮಸಿ ಹತ್ತಿದ ಹಸ್ತದ ಗುರುತು, ಗಂಡನ ಜೊತೆ ಉರಿಯುವ ಗೋದಾಮಿಗೆ ನುಗ್ಗಿ ಬದುಕಿ ಬಂದವನದು, ಕೈ ತೊಳೆಯದೆಯೇ ಹೆಗಲು ಕೊಟ್ಟವನದು, ಅವನೇ ಅವಳ ಕಿವಿಯಲ್ಲಿ ಹೇಳಿದ್ದು, ಅತ್ತಿಗೆ, ಪೈಪಿನಲ್ಲಿ ನೀರೇ ಬರಲಿಲ್ಲ. ಆಮೇಲೆ ಅವನು ಏನೂ ಹೇಳಲಿಲ್ಲ, ಅವನಿಗೂ ಕೆಲಸ ಉಳಿಯಬೇಕು. ನೀರು ಏಕೆ ಬರಲಿಲ್ಲ ಎಂದು ಅಗ್ನಿಶಾಮಕ ಇಲಾಖೆಗೆ ಮೂರು ಪತ್ರ ಬರೆದಳು, ಮೂರಕ್ಕೂ ಒಂದೇ ಉತ್ತರ, ನಿಮ್ಮ ಪತಿ ವೀರರು. ಮೂರನೆಯದು ಬಂದ ಬೆಳಿಗ್ಗೆ ಬಾವುಟವನ್ನು ಬಕೆಟ್ಟಿನಲ್ಲಿ ನೆನೆಹಾಕಿದಳು, ಹೊಗೆಯ ವಾಸನೆ ಒಮ್ಮೆ ಮೇಲೆದ್ದು ಮೂಗಿಗೆ ಬಂತು, ಗಂಡ ಕೆಲಸದಿಂದ ಬಂದು ಬಗ್ಗಿ ಬೂಟು ಬಿಚ್ಚುವಾಗಿನ ವಾಸನೆ, ಅಷ್ಟೇ, ಮತ್ತೆ ಬರಲಿಲ್ಲ, ನೀರು ಕಪ್ಪಾಯಿತು, ಚೆಲ್ಲಿದಳು — ಚೆಲ್ಲಬಾರದಿತ್ತು.

ಹಗ್ಗದ ಮೇಲೆ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು, ಕೆಳಗಿನ ಅಂಚು ಮೇಲೆ, ಎರಡು ಕ್ಲಿಪ್ಪು, ಅವನ ಸಮವಸ್ತ್ರವನ್ನು ಆರು ವರ್ಷ ಹಾಗೇ ಒಣಹಾಕಿದ್ದಾಳೆ, ಭುಜದಲ್ಲಿ ಕ್ಲಿಪ್ಪಿನ ಗುರುತು ಕಂಡರೆ ಸಾಹೇಬರು ಬೈಯುತ್ತಾರೆ ಅಂತ, ನನ್ನ ಅಂಗಿಗಳೆಲ್ಲ ಬಾವಲಿಗಳು ಕಣೇ, ಕತ್ತಲಾದ್ರೆ ಹಾರಿಹೋಗ್ತವೆ ನೋಡು, ಎಂದು ನಗುತ್ತಿದ್ದ. ಎದುರು ಮಹಡಿಯವರು, ಬೀದಿಯವರೆಲ್ಲ ಸಿಸಿಟಿವಿ ಮಾಮ ಎನ್ನುವವರು, ಫೋಟೋ ತೆಗೆದು ಠಾಣೆಗೆ ಕಳಿಸಿದ್ದು ಮಧ್ಯಾಹ್ನ. ಅದಕ್ಕೂ ಮೊದಲು, ಯಾರಿಗೂ ಹೇಳದ ಒಂದು ಗಳಿಗೆ ಇದೆ — ಅಡುಗೆಮನೆಯ ಕಿಟಕಿ, ಕೈಯಲ್ಲಿ ತಟ್ಟೆ, ಕಣ್ಣೆತ್ತಿದಳು, ಬಾವುಟ ತಲೆಕೆಳಗಾಗಿತ್ತು, ಅದರ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ತಟ್ಟೆ ತೊಳೆದಳು.

ಏನು ಯೋಚನೆ, ಇನ್ಸ್‌ಪೆಕ್ಟರ್ ಗಡಿಯಾರ ನೋಡುತ್ತಾನೆ. ಅರಿಯದೆ ಎಂಬ ಪದದ ಮೇಲೆ ಅವಳು ಗೆರೆ ಎಳೆಯುತ್ತಾಳೆ, ಅಯ್ಯೋ, ಅತ್ತೆಯ ಕೈ ತೋಳಿಗೆ ಬರುತ್ತದೆ, ಕ್ಷಮಿಸಬೇಕು ಎಂಬುದಕ್ಕೂ ಗೆರೆ, ಬೇಕಂತಲೇ ಎಂದೂ ಬರೆಯುವುದಿಲ್ಲ, ಅಂಚಿನಲ್ಲಿ ಸಣ್ಣ ಅಕ್ಷರ — ನೋಡಿದೆ, ತಿರುಗಿಸಲಿಲ್ಲ — ಸಹಿ — ಯಾರೋ ಕುರ್ಚಿ ಹಿಂದಕ್ಕೆ ಎಳೆಯುತ್ತಿದ್ದಾರೆ, ಇದೇನಮ್ಮ ಇದು, ವಕೀಲೆ ಏನೋ ಅನ್ನುತ್ತಿದ್ದಾಳೆ, ಅತ್ತೆಯ ಬೆರಳು ತಣ್ಣಗಿದೆ, ಕಿಟಕಿ, ತಟ್ಟೆ, ಬಾವುಟದ ಮೂಲೆಯಲ್ಲಿ ನೀರು, ಒಂದು ಹನಿ, ಇನ್ನೂ ಬಿದ್ದಿಲ್ಲ