ನೋಡಿದವರು ಯಾರು

ಪುಷ್ಪಲತಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಮನೆ ರಾಣೆಬೆನ್ನೂರಿನಲ್ಲಿ, ಶಾಲೆ ಹಲಗೇರಿ ದಾಟಿದ ಮೇಲೆ ಸಿಗುವ ಒಂದು ಸಣ್ಣ ಹಳ್ಳಿಯಲ್ಲಿ. ಗಂಡ ಚನ್ನೇಶ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲರ ಅಂಗಡಿಯೊಂದರ ಗುಮಾಸ್ತ. ಸಂತೆಯ ದಿನ ಅವನು ಮನೆಯೊಳಗೆ ಕಾಲಿಟ್ಟರೆ ಸಾಕು, ಹೆಂಡತಿ ಮಗಳಿಬ್ಬರಿಗೂ ಸೀನು ಹತ್ತುತ್ತಿತ್ತು. ಮಗಳು ಶಿಲ್ಪಾ ಏಳನೇ ತರಗತಿ.

ಆ ಚಳಿಗಾಲದಲ್ಲಿ ಪುಷ್ಪಲತಾ ಒಂಬತ್ತನೇ ತರಗತಿಗೆ ಪಠ್ಯಪುಸ್ತಕ ಬದಿಗಿಟ್ಟು ಬೇರೊಂದು ಪಾಠ ಶುರುಮಾಡಿದಳು. ಪತ್ರಿಕೆಯಲ್ಲಿ ಬಂದ ಸುದ್ದಿ, ಮುಖಂಡರ ಭಾಷಣ, ಫೋನಿಗೆ ಬರುವ ಸಂದೇಶ ಇವನ್ನೆಲ್ಲ ತಂದು ಮಕ್ಕಳಿಂದ ಓದಿಸುವುದು. ಓದುವಾಗ ಎರಡು ಪೆನ್ಸಿಲ್. ಹೋಗಿ ಕೇಳಿ ಖಾತ್ರಿ ಮಾಡಿಕೊಳ್ಳಬಹುದಾದ ಮಾತಿನ ಕೆಳಗೆ ನೀಲಿ ಗೆರೆ, ಬರೀ ಹೆದರಿಸುವ ಇಲ್ಲವೇ ಉಬ್ಬಿಸುವ ಮಾತಿನ ಕೆಳಗೆ ಕೆಂಪು ಗೆರೆ.

ಒಂದು ದಿನ ಆಕೆ ತಂದದ್ದು ಎಲ್ಲೋ ಸಭೆಯಲ್ಲಿ ಒಬ್ಬ ಮುಖಂಡ ಮಾಡಿದ ಭಾಷಣ. 'ನಿಮ್ಮ ಮಕ್ಕಳು ಸುರಕ್ಷಿತವಾಗಿಲ್ಲ. ಅವರು ಊರೊಳಗೆ ಬಂದಾಗಿದೆ. ಅವರು ಯಾರೆಂದು ನಾನು ಹೇಳಬೇಕಿಲ್ಲ, ನಿಮಗೇ ಗೊತ್ತು' ಎಂದು ಶುರುವಾಗಿ ಎರಡು ಪುಟ ಹಾಗೆಯೇ ಸಾಗುತ್ತಿತ್ತು.

ಮುಂದಿನ ಬೆಂಚಿನ ದುರ್ಗಾ ಬಹಳ ಹೊತ್ತು ಕಾಗದ ನೋಡುತ್ತ ಕೂತು, ಆಮೇಲೆ ಕೈಯೆತ್ತಿದಳು.

"ಟೀಚರ್, ನೀಲಿ ಹಾಕಾಕ ಜಾಗಾನ ಸಿಗವಲ್ದರಿ."

"ಮತ್ತ ಹುಡುಕು. ಯಾವ ಊರು, ಯಾವ ಮಗು, ನೋಡಿದವರು ಯಾರು, ಒಂದರೆ ಹೇಳ್ಯಾರೇನು?"

"ಇಲ್ಲರಿ. 'ನಿಮಗೇ ಗೊತ್ತು' ಅಂತಾರ. ನಂಗೇನೂ ಗೊತ್ತಿಲ್ಲ. ಆದ್ರೂ ಓದಿದ ಮ್ಯಾಲ ಹೆದರಿಕಿ ಆತು."

ತರಗತಿ ನಕ್ಕಿತು. ಪುಷ್ಪಲತಾ ನಗಲಿಲ್ಲ. "ಅದ ಇವತ್ತಿನ ಪಾಠ" ಎಂದಳು.

ಮರುದಿನವೇ ದುರ್ಗಾಳ ಅಪ್ಪ ಪರಮೇಶಪ್ಪ ಶಾಲೆಗೆ ಬಂದ. ಗೋವಿನಜೋಳ, ಹತ್ತಿ ಬೆಳೆಯುವ ಮನುಷ್ಯ, ಗಟ್ಟಿ ಮಾತಿನವನಲ್ಲ. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತ.

"ಅಕ್ಕೋರ, ನಾ ಜಗಳಾಡಾಕ ಬಂದಿಲ್ಲ. ಹುಡುಗೂರಿಗೆ ಒಂದಿಷ್ಟು ಹೆದರಿಕಿ ಇರ್ಲಿ ಬಿಡ್ರಿ. ಹೆದರಿಕಿ ಇದ್ರ ಕತ್ತಲಾಗೂದ್ರೊಳಗ ಮನೀ ಸೇರ್ತಾವ. ನೀವು ಅದನ್ನ ತಗದು ಹಾಕಿದ್ರ, ನಾಳೆ ನನ್ನ ಮಗಳಿಗೆ ಏನರೆ ಆದ್ರ ಯಾರು ಬರ್ತಾರ?"

"ಹೆದರಬ್ಯಾಡ್ರಿ ಅಂತ ಹೇಳ್ಕೊಟ್ಟಿಲ್ಲ ಪರಮೇಶಪ್ಪ. ಯಾಕ ಹೆದರಾಕತ್ತೇವಿ ಅಂತ ಕೇಳ್ಕೋರಿ ಅಂತ ಹೇಳೇನಿ."

"ಕೇಳ್ಕೊಂತ ಕುಂತಾಗ ಹೊತ್ಕೊಂಡು ಹೋದ್ರ?"

ಅವನು ಕೈಮುಗಿದು ಹೋದ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗಲೂ ಅವನ ಪ್ರಶ್ನೆ ಬಿಡಲಿಲ್ಲ.

ಅದೇ ವಾರ ಎಲ್ಲರ ಫೋನಿಗೂ ಒಂದು ಧ್ವನಿಸಂದೇಶ ಬಂತು. ಹೆಂಗಸೊಬ್ಬಳು ಅಳುತ್ತ, ಹಲಗೇರಿಯಲ್ಲಿ ಬಿಳಿ ವ್ಯಾನಿನವರು ಎರಡು ಮಕ್ಕಳನ್ನು ಕದ್ದರೆಂದೂ, ಅವರು ಏನೋ ಮಾರುವ ನೆವದಲ್ಲಿ ಓಣಿಗೆ ಬರುತ್ತಾರೆಂದೂ ಹೇಳುತ್ತಿದ್ದಳು. ಪುಷ್ಪಲತಾ ಅದನ್ನೂ ತರಗತಿಗೆ ಒಯ್ದು ಕೇಳಿಸಿದಳು. ಎರಡನೇ ಸಲ ಕೇಳಿದಾಗ ಮೈಲೇಶನೆಂಬ ಹುಡುಗ ಎದ್ದುನಿಂತ.

"ಟೀಚರ್, ಇಕಿ ನಮ್ಮ ಕಡ್ಯಾಕಿ ಅಲ್ಲ. 'ಎತ್ಕೊಂಡ್ ಹೋಗ್ಬಿಟ್ರು ಕಣ್ರೀ' ಅಂತಾಳ. ನಮ್ಮವ್ವ ಆಗಿದ್ರ ಹಂಗ ಅಳ್ತಿದ್ಲೇನ್ರಿ? ಮತ್ತ 'ಹಲಗೇರಿ' ಅನ್ನುವಾಗ ದನೀನ ಬ್ಯಾರೆ ಐತಿ. ಅದೊಂದ ಮಾತು ನಡುವ ಸೇರಿಸ್ಯಾರ."

ಮತ್ತೆ ಹಾಕಿ ಕೇಳಿದರು. ನಿಜವಾಗಿಯೂ ಆ ಒಂದು ಪದದಲ್ಲಿ ಅಳು ಇರಲಿಲ್ಲ. ಮಕ್ಕಳು ಹೋ ಎಂದು ಕೂಗಿದರು. ಹಲಗೇರಿಯಲ್ಲಿ ಯಾವ ಮಗುವೂ ಕಾಣೆಯಾಗಿಲ್ಲವೆಂದು ಅಲ್ಲಿಂದ ಬರುವ ಮಕ್ಕಳೇ ಹೇಳಿದರು. ಪುಷ್ಪಲತಾಗೆ ಹೆಮ್ಮೆಯೆನಿಸಿತು.

ಗುರುವಾರ ಅವಳು ಶಾಲೆಯಿಂದ ಮನೆಗೆ ಬಂದಾಗ ಬಾಗಿಲಿಗೆ ಬೀಗ ಹಾಗೇ ಇತ್ತು. ಶಿಲ್ಪಾ ಅಷ್ಟು ಹೊತ್ತಿಗೆ ಟ್ಯೂಷನ್ ಮುಗಿಸಿ ಬಂದು, ಟಿವಿ ಹಚ್ಚಿಕೊಂಡು ಕೂತಿರಬೇಕಿತ್ತು. ಟ್ಯೂಷನ್ನಿನವರಿಗೆ ಫೋನ್ ಮಾಡಿದರೆ, ಇವತ್ತು ಕ್ಲಾಸೇ ಇರಲಿಲ್ಲ, ಮಕ್ಕಳೆಲ್ಲ ಆಗಲೇ ವಾಪಸು ಹೋದರು ಎಂದರು. ಚನ್ನೇಶನಿಗೆ ಮಾಡಿದಳು. ಮಾರುಕಟ್ಟೆಯ ಗದ್ದಲದಲ್ಲಿ ಅವನು ಎತ್ತಲಿಲ್ಲ. ಓಣಿಯ ತುದಿತನಕ ಹೋಗಿ ಬಂದಳು. ಎದುರುಮನೆಯ ಗದಿಗೆವ್ವ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಶಿಲ್ಪಾನ್ನ ನೋಡಿದಿ ಏನಬೇ?"

"ಇಲ್ಲವ್ವಾ. ಮಧ್ಯಾಹ್ನ ಯಾವುದೋ ಬಿಳಿ ಗಾಡಿ ಇಲ್ಲಿ ಮೂಲ್ಯಾಗ ನಿಂತಿತ್ತು. ಆಮ್ಯಾಲ ಯಾರನ್ನೂ ನೋಡಿಲ್ಲ."

ತರಗತಿಯಲ್ಲಿ ನಕ್ಕು ಬಿಟ್ಟಿದ್ದ ಆ ಹೆಂಗಸಿನ ಅಳು ಈಗ ಪುಷ್ಪಲತಾಳ ಕಿವಿಯೊಳಗೇ ಕೇಳಿಸುತ್ತಿತ್ತು. ಬಿಳಿ ಗಾಡಿ ಯಾರದು, ಎಷ್ಟು ಹೊತ್ತು ನಿಂತಿತ್ತು, ಯಾಕೆ ನಿಂತಿತ್ತು ಎಂದು ಅವಳು ಕೇಳಲಿಲ್ಲ. ಕಟ್ಟೆಯ ಅಂಚಿಗೆ ಕೂತು ಶಾಲೆಯ ಪಾಲಕರ ಗುಂಪಿಗೆ ಬರೆದಳು: 'ನನ್ನ ಮಗಳು ಶಿಲ್ಪಾ ಮನೆಗೆ ಬಂದಿಲ್ಲ. ಓಣಿಯಲ್ಲಿ ಬಿಳಿ ವ್ಯಾನ್ ನಿಂತಿತ್ತಂತೆ. ಯಾರಾದರೂ ನೋಡಿದ್ದರೆ ದಯವಿಟ್ಟು ತಿಳಿಸಿ.' ಜೊತೆಗೆ ಎರಡು ಜಡೆ, ಸಮವಸ್ತ್ರದ ಒಂದು ಫೋಟೊ.

ಹೊತ್ತು ಮುಳುಗುವ ಮೊದಲು ಶಿಲ್ಪಾ ಬಂದಳು. ಗೆಳತಿ ನಾಗಲಕ್ಷ್ಮಿಯ ಮನೆಯಲ್ಲಿ ವಿಜ್ಞಾನದ ಚಾರ್ಟು ಬರೆಯುತ್ತಿದ್ದಳಂತೆ. ಚೂಡಿದಾರದ ತೋಳಿಗೆಲ್ಲ ಬಣ್ಣ. ಪುಷ್ಪಲತಾ ಹೊಡೆಯಲು ಎತ್ತಿದ ಕೈಯಿಂದಲೇ ಮಗಳನ್ನು ಅವುಚಿಕೊಂಡು ಅತ್ತಳು. ಕಣ್ಣೊರೆಸಿಕೊಂಡು ಫೋನ್ ತೆಗೆದು, ಮೊದಲು ಆ ಸಂದೇಶ ಅಳಿಸಿಹಾಕಿದಳು. ಬರೆದದ್ದಕ್ಕೆ ನಾಚಿಕೆಯಾಗಿತ್ತು. ಮಗಳು ಬಂದಳು ಎಂದು ಬರೆಯಬೇಕೆನ್ನುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ದುರ್ಗಾ.

"ಟೀಚರ್, ಲಗೂ ಬರ್ರಿ. ಇಲ್ಲಿ ಬಸ್‌ಸ್ಟ್ಯಾಂಡ್‌ನ್ಯಾಗ ಬಿಳಿ ವ್ಯಾನ್ ಹಿಡ್ದಾರ. ಗಾದಿ ಮಾರೂ ಮುದುಕ್ರಿ. ಹೊಡ್ಯಾಕತ್ತಾರ. ಎಲ್ಲಾರ ಫೋನಿನ್ಯಾಗೂ ನಿಮ್ಮ ಶಿಲ್ಪಾನ ಫೋಟೊ ಐತಿ."

"ಶಿಲ್ಪಾ ಇಲ್ಲೇ ಅದಾಳ! ಹೇಳು ಅವರಿಗೆ, ಬಂದಾಳ ಅಂತ ಹೇಳು!"

"ಹೇಳೇನ್ರಿ. ಯಾರೂ ಕೇಳವಲ್ರು."

ಫೋನ್ ಕಟ್ಟಾಯಿತು. ಪುಷ್ಪಲತಾ ಪೊಲೀಸರಿಗೆ ಫೋನ್ ಮಾಡಿ ಶಾಲೆಯಿರುವ ಹಳ್ಳಿಯ ಹೆಸರು ಹೇಳಿದಳು. ಗುಂಪಿಗೆ 'ಮಗಳು ಸಿಕ್ಕಿದ್ದಾಳೆ, ಯಾರನ್ನೂ ಹೊಡೆಯಬೇಡಿ' ಎಂದು ಬರೆದಳು. ಆಮೇಲೆ ಚನ್ನೇಶನ ಸ್ಕೂಟರ್ ಹೊರಗೆಳೆದು ಮಗಳನ್ನು ಹಿಂದೆ ಕೂರಿಸಿಕೊಂಡಳು. ಒಯ್ಯಬಾರದು ಎಂದು ಮನಸ್ಸು ಕೂಗುತ್ತಿತ್ತು. ಒಯ್ಯದಿದ್ದರೆ ನಂಬುವವರಿಲ್ಲ. ದಾರಿಯುದ್ದಕ್ಕೂ ಶಿಲ್ಪಾ ಒಂದೇ ಮಾತು ಕೇಳಿದಳು. "ಮಮ್ಮಿ, ಅವರು ನನ್ನ ಸಲುವಾಗಿ ಹೊಡ್ಯಾಕತ್ತಾರೇನು?"

ಬಸ್‌ಸ್ಟ್ಯಾಂಡಿನ ಮುಂದೆ ಬೈಕುಗಳ ಲೈಟು ಹಚ್ಚಿ ನಿಲ್ಲಿಸಿದ್ದರು. ನಡುವೆ ವ್ಯಾನು. ಮುಂದಿನ ಗಾಜು ಒಡೆದು ಒಳಗೆ ಬಿದ್ದಿತ್ತು. ಗಾದಿಗಳು ಹೊರಗೆ ಬಿದ್ದು ಅರಳೆ ಹಾರಾಡುತ್ತಿತ್ತು. ಮುದುಕನೊಬ್ಬ ಚಕ್ರಕ್ಕೆ ಒರಗಿ ಕೂತಿದ್ದ. ಹಣೆಯ ರಕ್ತ ಗಡ್ಡಕ್ಕೆ ಇಳಿದಿತ್ತು, ಒಂದು ಕೈ ವಿಚಿತ್ರವಾಗಿ ಬಾಗಿತ್ತು. ಅವನ ಹೆಂಡತಿ ವ್ಯಾನಿನೊಳಗಿದ್ದಳು. ಬಾಗಿಲ ಮೆಟ್ಟಿಲೇರಿ ಅಡ್ಡವಾಗಿ ದುರ್ಗಾ ನಿಂತಿದ್ದಳು. ಅವಳ ಮುಂದೆ ಅವಳ ಅಪ್ಪ ಪರಮೇಶಪ್ಪ, ಎರಡೂ ಕೈ ಚಾಚಿ, ಬೆವರುತ್ತ.

"ಇಳಿಯಂದ್ರ ಇಳಿವಲ್ಲಳು ಅಕ್ಕೋರ" ಎಂದ ಅವನು, ಅಳುದನಿಯಲ್ಲಿ. "ಯಾರರೆ ಕಲ್ಲು ಒಗದ್ರ ನನ್ನ ಮಗಳಿಗೆ ಬೀಳ್ತೈತಿ. ನಾ ಎಲ್ಲಿ ಹೋಗ್ಲಿ?"

ಪುಷ್ಪಲತಾ ಮಗಳ ಕೈ ಹಿಡಿದು ಬೆಳಕಿಗೆ ಬಂದಳು. ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ. "ಇಕಿ ನನ್ನ ಮಗಳು. ಗೆಳತಿ ಮನ್ಯಾಗ ಇದ್ಲು. ಈ ಮನುಷ್ಯ ಏನೂ ಮಾಡಿಲ್ಲ. ತಪ್ಪು ನಂದು."

ಗುಂಪಿನ ಹಿಂದಿನಿಂದ ಒಬ್ಬ ತರುಣ ಫೋನ್ ಮೇಲೆತ್ತಿ ಕೇಳಿದ.

"ಇಕೀನ ನಿಮ್ಮ ಮಗಳಂತ ಹೆಂಗ ನಂಬೂದು? ಫೋಟೊದಾಗಿನ ಹುಡುಗಿ ಬ್ಯಾರೆ ಕಾಣ್ತಾಳ."

"ನಾನ ಹೇಳಾಕತ್ತೇನಲ್ಲ!"

"ನೀವ ಅಲ್ಲೇನ್ರಿ ಹುಡುಗೂರಿಗೆ ಹೇಳ್ಕೊಡಾಕಿ, ಯಾರ ಹೇಳಿದ್ರೂ ನಂಬಬ್ಯಾಡ್ರಿ ಅಂತ? ಮತ್ತ ಮೆಸೇಜ್ ಯಾಕ ಅಳಿಸಿದ್ರಿ? ಯಾರು ಹೆದರಿಸ್ಯಾರ ನಿಮ್ಮನ್ನ?"

"ಹೌದು, ಯಾಕ ಅಳಿಸಿದ್ರು?" ಎಂದು ಇನ್ನೊಬ್ಬ. "ಇದರಾಗ ಏನೋ ಐತಿ" ಎಂದು ಮತ್ತೊಬ್ಬ.

ಅವಳ ಮಾತುಗಳನ್ನೇ ಅವರು ಹಿಡಿದಿದ್ದರು. ಎಲ್ಲವನ್ನೂ ಅನುಮಾನಿಸುತ್ತಿದ್ದರು, ಫೋನಿಗೆ ಬಂದ ಆ ಒಂದು ಸುದ್ದಿಯನ್ನು ಬಿಟ್ಟು. ಗುಂಪು ಒಂದು ಹೆಜ್ಜೆ ಮುಂದೆ ಬಂತು. ಶಿಲ್ಪಾಳ ಉಗುರು ತಾಯಿಯ ಅಂಗೈಗೆ ಚುಚ್ಚಿತು.

ಆಗ ಮೈಲೇಶ ಗುಂಪಿನ ಸಂದಿಯಿಂದ ನುಸುಳಿ ಬಂದ. ಫೋನೆತ್ತಿದ್ದ ತರುಣ ಅವನ ಚಿಕ್ಕಪ್ಪನ ಮಗ ಸುದೀಪ. ಮೈಲೇಶ ಅವನ ಫೋನಿನ ಮೇಲೆ ಎರಡು ಬೆರಳಿಟ್ಟು ಫೋಟೊ ದೊಡ್ಡದು ಮಾಡಿದ.

"ಸುದೀಪಣ್ಣ, ಇಲ್ಲಿ ಹುಬ್ಬಿನ ಮ್ಯಾಲ ಕಲೆ ನೋಡು. ಈಗ ಆ ಹುಡುಗೀನ್ನ ನೋಡು." ಅವನ ದನಿ ಒಡೆದು ಕೀರಲಾಗಿತ್ತು. "ಮತ್ತ ಒಂದು ಹೇಳು. ಈ ಮುದುಕ ಹುಡುಗೀನ್ನ ಹೊತ್ತಿದ್ದು ನೋಡಿದವರು ಯಾರು? ನೀ ನೋಡೀ ಏನು?"

"ನಾ ನೋಡಿಲ್ಲ. ಗುಡದಪ್ಪ ಹೇಳಿದ."

ಎಲ್ಲರೂ ಗುಡದಪ್ಪನ ಕಡೆ ತಿರುಗಿದರು. ಕೈಯಲ್ಲಿ ಬಡಿಗೆ ಹಿಡಿದಿದ್ದ ಗುಡದಪ್ಪ, "ನಂಗ ಮೆಸೇಜ್ ಬಂತು" ಎಂದ. ಬಡಿಗೆಯನ್ನು ಕಾಲ ಹಿಂದೆ ಸರಿಸಿಕೊಂಡ. ಶಿಲ್ಪಾ ಯಾರೂ ಹೇಳದೆ ಹಣೆಯ ಕೂದಲು ಹಿಂದಕ್ಕೆ ತಳ್ಳಿ ಬೆಳಕಿಗೆ ಮುಖ ಒಡ್ಡಿ ನಿಂತಳು. ಹಿಂದೆ ನಿಂತವರು ಒಬ್ಬೊಬ್ಬರಾಗಿ ಬೈಕು ಚಾಲು ಮಾಡಿದರು. ಪೊಲೀಸ್ ಜೀಪು ಬಂದಾಗ ಅರ್ಧ ಜನ ಇರಲಿಲ್ಲ. ಉಳಿದವರು ತಾವು ಬಿಡಿಸಲು ಬಂದವರೆಂದರು.

ಮುದುಕನ ಹೆಸರು ಗೂಡುಸಾಬ. ಹಾವೇರಿಯವನು. ಪುಷ್ಪಲತಾ ಮರುದಿನ ಠಾಣೆಗೆ ಹೋಗಿ, ಮೊದಲ ಸಂದೇಶ ತನ್ನದೆಂದು ಹೇಳಿಕೆ ಕೊಟ್ಟು ಸಹಿ ಮಾಡಿದಳು. ಅಲ್ಲಿಂದ ಹಾವೇರಿಯ ಆಸ್ಪತ್ರೆಗೆ ಹೋದಳು. ಗೂಡುಸಾಬನ ಕೈಗೆ ಪಟ್ಟಿ ಕಟ್ಟಿದ್ದರು. ಹೆಂಡತಿ ಅವಳನ್ನು ಕಂಡು ಗೋಡೆಯ ಕಡೆ ಮುಖ ತಿರುಗಿಸಿದಳು. ಪುಷ್ಪಲತಾ ಮಂಚದ ಪಕ್ಕ ಹೋಗಿ ನಿಂತಳು. ಗೂಡುಸಾಬನೇ ಕೇಳಿದ.

"ಎಲ್ಲಿ ಇದ್ಲ್ರಿ ನಿಮ್ಮ ಹುಡುಗಿ?"

"ಗೆಳತಿ ಮನ್ಯಾಗ."

"ಎಷ್ಟೋ ವರ್ಷ ಆತ್ರಿ ಆ ಊರಿಗೆ ಬರಾಕತ್ತು. ಗುಡದಪ್ಪನ ಮಗಳ ಮದಿವಿಗೆ ಗಾದಿ ನಾನ ಹೊಲದು ಕೊಟ್ಟಿದ್ದೆ. ಅವ ಮೊದಲ್ನೇ ಏಟು ಹೊಡದ." ಅಷ್ಟು ಹೇಳಿ ಕಣ್ಣು ಮುಚ್ಚಿದ. ಕ್ಷಮಿಸಿದೆನೆಂದು ಹೇಳಲಿಲ್ಲ.

ವ್ಯಾನು ಠಾಣೆಯಿಂದ ಬಿಡುಗಡೆಯಾದಾಗ ಅದನ್ನು ಒಯ್ಯಲು ಹೆದರಿ ಗೂಡುಸಾಬನ ಮನೆಯಲ್ಲಿ ಯಾರೂ ಮುಂದೆ ಬರಲಿಲ್ಲ. ಚನ್ನೇಶ ತಾನು ಓಡಿಸುತ್ತೇನೆಂದ. ಪುಷ್ಪಲತಾ ಪಕ್ಕದಲ್ಲಿ ಕೂತಳು. ಒಡೆದ ಗಾಜಿನ ಜಾಗದಿಂದ ಗಾಳಿ ನೇರ ಮುಖಕ್ಕೆ ಬಡಿಯುತ್ತಿತ್ತು, ಹಿಂದೆ ಮಣ್ಣು ಹತ್ತಿದ ಗಾದಿಗಳು. ಒಂದು ಕ್ರಾಸಿನಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಎದ್ದುನಿಂತರು. ಮುಂದೆ ಒಂದು ಬೈಕು ಬೆನ್ನು ಹತ್ತಿತು. ಚನ್ನೇಶ ನಿಧಾನ ಮಾಡಿದರೆ ಅದೂ ನಿಧಾನ, ಜೋರು ಮಾಡಿದರೆ ಅದೂ ಜೋರು.

"ತಿರುಗಿ ನೋಡಬ್ಯಾಡ" ಎಂದ ಚನ್ನೇಶ.

ಬೈಕು ಪಕ್ಕಕ್ಕೆ ಬಂತು. ಹಿಂದೆ ಕೂತವನು ಫೋನ್ ಹಿಡಿದು ಒಳಗೆ ಇಣುಕಿದ. ಅವಳ ಮುಖ, ಚನ್ನೇಶನ ಮುಖ, ಹಿಂದಿನ ಗಾದಿಗಳು ಎಲ್ಲವನ್ನೂ ಚಿತ್ರ ತೆಗೆದುಕೊಂಡ. ಏನೂ ಕೇಳಲಿಲ್ಲ. ಆಮೇಲೆ ಬೈಕು ಮುಂದೆ ಹೋಯಿತು. ಮುಂದಿನ ಊರಲ್ಲಿ ಯಾರು ನಿಂತಿರುತ್ತಾರೋ ಎಂದು ಇಬ್ಬರೂ ರಸ್ತೆ ನೋಡಿದರು. ಯಾರೂ ಇರಲಿಲ್ಲ. ಅದರ ಮುಂದಿನ ಊರಲ್ಲೂ ಇರಲಿಲ್ಲ. ಆಮೇಲೆ ಹಾವೇರಿ ಕಂಡಿತು.

ಗೂಡುಸಾಬನ ಓಣಿ ಸಣ್ಣದು. ವ್ಯಾನಿನ ಸದ್ದಿಗೆ ಅವನ ಮೊಮ್ಮಕ್ಕಳು ಅಜ್ಜ ಬಂದನೆಂದು ಕೇಕೆ ಹಾಕುತ್ತ ಹೊರಗೆ ಓಡಿಬಂದವು. ಒಳಗಿನಿಂದ ಇಳಿದ ಅಪರಿಚಿತರನ್ನು ಕಂಡದ್ದೇ ಅಲ್ಲೇ ನಿಂತವು. ದೊಡ್ಡವಳು ಚಿಕ್ಕವನನ್ನು ಬಗಲಿಗೆ ಎತ್ತಿಕೊಂಡು ಒಳಗೋಡಿದಳು. ಬಾಗಿಲಿಗೆ ಅಗಳಿ ಬಿದ್ದ ಸದ್ದು ಕೇಳಿಸಿತು.

ಪುಷ್ಪಲತಾ ಬಾಗಿಲು ಬಡಿಯಲಿಲ್ಲ. ಗಂಡ ಹೆಂಡತಿ ಸೇರಿ ಗಾದಿಗಳನ್ನು ಒಂದೊಂದಾಗಿ ಇಳಿಸಿ, ಮಣ್ಣು ಕೊಡವಿ, ಕಟ್ಟೆಯ ಮೇಲೆ ಒಟ್ಟಿದರು.